ಏಪ್ರಿಲ್ ಮೊದಲು, ಜನವರಿ ಐದನೆಯದು: ತಿಂಗಳುಗಳ ಕ್ರಮ ತಪ್ಪಿದ ಒಂದು ಚಾರ್ಟಿನ ಪ್ರಕರಣ ಅಧ್ಯಯನ

ಎರಡು ಶಾಖೆಗಳಿರುವ ಒಂದು ಸೇವಾ ಸಂಸ್ಥೆ. ಗ್ರಾಹಕರ ದೂರುಗಳನ್ನು ಎರಡೂ ಶಾಖೆಯವರು ತಮ್ಮ ತಮ್ಮ ಫೈಲಿನಲ್ಲಿ ಬರೆದಿಡುತ್ತಾರೆ. ಜನವರಿ 2023ರಿಂದ ಜೂನ್ 2024ರವರೆಗಿನ 18 ತಿಂಗಳ ದೂರುಗಳು ಒಂದೇ ಚಾರ್ಟಿನಲ್ಲಿ ಕಾಣಬೇಕು ಅನ್ನೋದು ಮೇಲಿನವರ ಬೇಡಿಕೆ. ಅದಕ್ಕಾಗಿ ಎರಡೂ ಫೈಲುಗಳನ್ನು ಪವರ್ ಬಿಐಗೆ, ಅಂದರೆ ಡೇಟಾದಿಂದ ಚಾರ್ಟು, ವರದಿ ಮಾಡುವ ತಂತ್ರಾಂಶಕ್ಕೆ, ತಂದಿದ್ದರು. ಒಂದರ ಕೆಳಗೆ ಇನ್ನೊಂದನ್ನು ಸೇರಿಸಿದ್ದರು. ತಾರೀಖಿನಿಂದ ತಿಂಗಳ ಹೆಸರು ತೆಗೆದು ಲೈನ್ ಚಾರ್ಟ್ ಹಾಕಿದ್ದರು. ಚಾರ್ಟ್ ಏಪ್ರಿಲ್‌ನಲ್ಲಿ ಶುರುವಾಗಿ ಸೆಪ್ಟೆಂಬರ್‌ನಲ್ಲಿ ಮುಗಿಯುತ್ತಿತ್ತು. "ತಿಂಗಳುಗಳನ್ನು ಸರಿಯಾಗಿ ಜೋಡಿಸಿ ಕೊಡಿ, ಅಷ್ಟೇ ಸಾಕು" ಎಂದು ಕೆಲಸ ನನ್ನ ಹತ್ತಿರ ಬಂತು.

ಅಷ್ಟೇ ಮಾಡಿ ಕೊಟ್ಟಿದ್ದರೆ ನೋಡಲು ಚೆಂದದ, ಆದರೆ ಪೂರ್ತಿ ತಪ್ಪಾದ ಚಾರ್ಟ್ ಅವರ ಕೈ ಸೇರುತ್ತಿತ್ತು. ಈ ಪ್ರಕರಣವನ್ನು ಬಿಡಿಸಿ ಬರೆಯುತ್ತಿರುವುದೇ ಅದಕ್ಕೆ. ತಿಂಗಳುಗಳ ಕ್ರಮ ಕೆಟ್ಟಿದೆ ಅಂದರೆ ಅಕ್ಷದ ಮೇಲೆ ತಾರೀಖು ಇಲ್ಲ, ಬರೀ ಪದ ಇದೆ ಎಂದರ್ಥ. ಪದಗಳನ್ನು ಸಾಲಾಗಿ ನಿಲ್ಲಿಸಿದ ಮಾತ್ರಕ್ಕೆ ಅವು ತಾರೀಖು ಆಗುವುದಿಲ್ಲ.

ಚಾರ್ಟಿನಲ್ಲಿ ಕಂಡದ್ದು

ಅಡ್ಡ ಅಕ್ಷದ ಸಾಲು ಹೀಗಿತ್ತು: ಏಪ್ರಿಲ್, ಆಗಸ್ಟ್, ಡಿಸೆಂಬರ್, ಫೆಬ್ರವರಿ, ಜನವರಿ, ಜುಲೈ, ಜೂನ್, ಮಾರ್ಚ್, ಮೇ, ನವೆಂಬರ್, ಅಕ್ಟೋಬರ್, ಸೆಪ್ಟೆಂಬರ್. ಇಂಗ್ಲಿಷ್ ಹೆಸರುಗಳನ್ನು ನಿಘಂಟಿನ ಕ್ರಮದಲ್ಲಿ ಇಟ್ಟರೆ ಬರುವ ಸಾಲು ಇದೇ. ಒಂದು ವಿಷಯ ಗಮನಿಸಿ. ಹನ್ನೆರಡರಲ್ಲಿ ಒಂದೇ ಒಂದು ತಿಂಗಳೂ ತನ್ನ ಜಾಗದಲ್ಲಿ ಇಲ್ಲ. ಜನವರಿ ಐದನೆಯದು, ಡಿಸೆಂಬರ್ ಮೂರನೆಯದು.

ಲೇಬಲ್‌ಗಳನ್ನು ಕನ್ನಡದಲ್ಲಿ ಬರೆದರೆ ಸರಿಹೋಗುತ್ತಾ? ಇಲ್ಲ. ಕನ್ನಡ ಅಕ್ಷರಗಳ ಕ್ರಮದಲ್ಲಿ ಸಾಲು ಹೀಗಾಗುತ್ತದೆ: ಅಕ್ಟೋಬರ್, ಆಗಸ್ಟ್, ಏಪ್ರಿಲ್, ಜನವರಿ, ಜುಲೈ, ಜೂನ್, ಡಿಸೆಂಬರ್, ನವೆಂಬರ್, ಫೆಬ್ರವರಿ, ಮಾರ್ಚ್, ಮೇ, ಸೆಪ್ಟೆಂಬರ್. ಇಲ್ಲಿ ಜೂನ್ ಮಾತ್ರ ಆರನೇ ಜಾಗದಲ್ಲಿ ಸರಿಯಾಗಿ ಕೂತಿದೆ, ಅದೂ ಆಕಸ್ಮಿಕವಾಗಿ. ಉಳಿದ ಹನ್ನೊಂದೂ ದಾರಿ ತಪ್ಪಿವೆ.

ಇದರಿಂದ ಏನು ಹಾಳಾಗುತ್ತದೆ ಎಂದು ನೋಡಬೇಕಾದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಜನವರಿಗೆ 1, ಫೆಬ್ರವರಿಗೆ 2, ಹೀಗೆ ಡಿಸೆಂಬರ್‌ಗೆ 12 ಎಂದು ಬೆಲೆ ಕೊಡಿ. ಎಲ್ಲೂ ಇಳಿಯದ, ಪ್ರತಿ ತಿಂಗಳೂ ಒಂದೊಂದು ಮೆಟ್ಟಿಲು ಏರುವ ಡೇಟಾ ಇದು. ಇದನ್ನೇ ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಚಾರ್ಟ್ ಮಾಡಿದರೆ ಗೆರೆ 4, 8, 12, 2, 1, 7, 6, 3, 5, 11, 10, 9 ಎಂದು ಹೋಗುತ್ತದೆ. ಮೂರು ಹೆಜ್ಜೆಯಲ್ಲಿ ಶಿಖರ, ಆಮೇಲೆ ಕುಸಿತ, ನಡುವೆ ಒದ್ದಾಟ, ಕೊನೆಗೆ ಮತ್ತೆ ಏರಿಕೆ. ನೋಡಿದವರು "ಏನೋ ದೊಡ್ಡ ಏರುಪೇರು ಇದೆ" ಅಂತಾರೆ. ಏರುಪೇರು ಡೇಟಾದಲ್ಲಿ ಇಲ್ಲ, ಜೋಡಣೆಯಲ್ಲಿದೆ. ಲೈನ್ ಚಾರ್ಟಿನಲ್ಲಿ ಇದು ಇನ್ನೂ ಜಾಸ್ತಿ ಅಪಾಯ. ಪಕ್ಕಪಕ್ಕದ ಎರಡು ಬಿಂದುಗಳನ್ನು ಗೆರೆ ಸೇರಿಸಿದ ಕೂಡಲೇ "ಇದರ ನಂತರ ಅದು ಆಯಿತು" ಎಂದು ನಮ್ಮ ಕಣ್ಣು ಓದುತ್ತದೆ.

ಕೆಲಸ ಶುರು ಮಾಡುವ ಮೊದಲು ನಾನು ಅಕ್ಷದ ಮೊದಲ ಮೂರ್ನಾಲ್ಕು ಲೇಬಲ್‌ಗಳನ್ನು ಓದುತ್ತೇನೆ. ಕಾಯಿಲೆ ಯಾವುದು ಎಂದು ಅವೇ ಹೇಳುತ್ತವೆ. ಏಪ್ರಿಲ್, ಆಗಸ್ಟ್, ಡಿಸೆಂಬರ್ ಎಂದಿದ್ದರೆ ಹೆಸರುಗಳು ಅಕ್ಷರ ಕ್ರಮದಲ್ಲಿವೆ. 1, 10, 11, 12, 2 ಎಂದಿದ್ದರೆ ತಿಂಗಳ ಸಂಖ್ಯೆ ಟೆಕ್ಸ್ಟ್, ಅಂದರೆ ಬರೀ ಅಕ್ಷರ, ಆಗಿ ಉಳಿದಿದೆ. ಕಂಬಗಳು ಎತ್ತರದಿಂದ ಕುಳ್ಳಗೆ ಇಳಿಯುತ್ತಿದ್ದರೆ ಚಾರ್ಟ್ ಬೆಲೆಯ ಮೇಲೆ ಸಾರ್ಟ್ ಆಗಿದೆ, ಅಂದರೆ ಜೋಡಣೆಯಾಗಿದೆ. ಇದು ಬೇರೆಯೇ ಸಮಸ್ಯೆ, ಚಾರ್ಟಿನ ಮೆನುವಿನಲ್ಲೇ ಮುಗಿಯುತ್ತದೆ. ಯಾವ ನಿಯಮವೂ ಕಾಣದಿದ್ದರೆ ಡೇಟಾದಲ್ಲಿ ಯಾವ ತಿಂಗಳು ಮೊದಲು ಬಂತೋ ಅದೇ ಕ್ರಮ ಇರಬಹುದು. ಡಿಸೆಂಬರ್ ಮೇಲೆ, ಜನವರಿ ಕೆಳಗೆ ಇರುವ ಅಡ್ಡ ಬಾರ್ ಚಾರ್ಟ್ ಎಕ್ಸೆಲ್‌ನಲ್ಲಿ ಕಂಡರೆ ಗಾಬರಿ ಬೇಡ. ಎಕ್ಸೆಲ್ ಮೊದಲ ಸಾಲನ್ನು ಕೆಳಗಿನಿಂದ ಇಡುತ್ತದೆ. ಅಕ್ಷದ ಸೆಟ್ಟಿಂಗಿನಲ್ಲಿ ಕ್ರಮ ತಿರುಗಿಸುವ ಟಿಕ್ ಇದೆ.

ನಮ್ಮ ಪ್ರಕರಣ ಮೊದಲನೇ ಜಾತಿಯದು.

ಮೊದಲ ರಿಪೇರಿ, ಮತ್ತು ಅದು ಮುಚ್ಚಿಟ್ಟದ್ದು

ಪವರ್ ಬಿಐನಲ್ಲಿ ಇದಕ್ಕೆ ಎಲ್ಲರೂ ಹೇಳುವ ಮದ್ದು 'ಸಾರ್ಟ್ ಬೈ ಕಾಲಮ್'. ತಿಂಗಳ ಹೆಸರಿನ ಜೊತೆಗೆ 1ರಿಂದ 12ರವರೆಗಿನ ತಿಂಗಳ ಸಂಖ್ಯೆಯ ಕಾಲಮ್ ಇರಬೇಕು. ಹೆಸರಿನ ಕಾಲಮ್ ಆಯ್ಕೆ ಮಾಡಿ, ಸಂಖ್ಯೆಯ ಕಾಲಮ್ ಪ್ರಕಾರ ಸಾರ್ಟ್ ಮಾಡು ಎಂದು ಹೇಳಿದರೆ ಮುಗಿಯಿತು. ಇದನ್ನು ಮಾಡಿಯೂ ಚಾರ್ಟ್ ಬದಲಾಗಲಿಲ್ಲ ಎಂದು ಕೆಲವರು ಕೈಚೆಲ್ಲುತ್ತಾರೆ. ಸಾಮಾನ್ಯವಾಗಿ ಅಲ್ಲಿ ಚಾರ್ಟ್ ಇನ್ನೂ ಬೆಲೆಯ ಮೇಲೆ ಸಾರ್ಟ್ ಆಗಿರುತ್ತದೆ. ಚಾರ್ಟಿನ ಮೂಲೆಯ ಮೂರು ಚುಕ್ಕಿ ಒತ್ತಿ, ಸಾರ್ಟ್ ಆಕ್ಸಿಸ್‌ನಲ್ಲಿ ತಿಂಗಳನ್ನು ಆರಿಸಿ, ಏರಿಕೆ ಕ್ರಮ ಕೊಡಬೇಕು.

ಇಷ್ಟು ಮಾಡಿದ ಮೇಲೆ ಜನವರಿಯಿಂದ ಡಿಸೆಂಬರ್‌ವರೆಗೆ ಸಾಲು ನೆಟ್ಟಗಾಯಿತು. ಗೆರೆಯೂ ನಯವಾಯಿತು. ಜನವರಿಯಿಂದ ಜೂನ್‌ವರೆಗೆ ದೂರುಗಳು ಎತ್ತರ, ಜುಲೈನಿಂದ ಡಿಸೆಂಬರ್‌ವರೆಗೆ ತಗ್ಗು. ನೋಡಿದವರಿಗೆ ಖುಷಿಯಾಯಿತು. "ವರ್ಷದ ಮೊದಲರ್ಧದಲ್ಲಿ ದೂರು ಜಾಸ್ತಿ, ಆಗ ಹೆಚ್ಚಿನ ಸಿಬ್ಬಂದಿ ಹಾಕೋಣ" ಎಂಬ ಮಾತೂ ಶುರುವಾಯಿತು.

ನನ್ನ ಆತಂಕ ಶುರುವಾದದ್ದು ಅಲ್ಲೇ. ಡೇಟಾ ಇರುವುದು 18 ತಿಂಗಳದ್ದು, ಚಾರ್ಟಿನಲ್ಲಿ ಇರುವುದು 12 ಬಿಂದು. ಉಳಿದ ಆರು ಎಲ್ಲಿ? ಎಲ್ಲೂ ಹೋಗಿಲ್ಲ. ಜನವರಿ 2023 ಮತ್ತು ಜನವರಿ 2024 ಎರಡರ ಹೆಸರೂ 'ಜನವರಿ'. ಆದ್ದರಿಂದ ಎರಡರ ದೂರುಗಳೂ ಒಂದೇ ಬಿಂದುವಿನಲ್ಲಿ ಕೂಡಿಕೊಂಡಿವೆ. ಜೂನ್‌ವರೆಗಿನ ಆರೂ ತಿಂಗಳಿಗೆ ಎರಡೆರಡು ವರ್ಷದ ಲೆಕ್ಕ, ಜುಲೈ ನಂತರದ ಆರಕ್ಕೆ ಒಂದೇ ವರ್ಷದ ಲೆಕ್ಕ. 'ಮೊದಲರ್ಧದ ಏರಿಕೆ' ಅಂದುಕೊಂಡದ್ದು ಪೂರ್ತಿ ಈ ಕೂಡಿಕೆಯ ಫಲ.

ಮೊದಲಿನ ಅಂಕುಡೊಂಕು ಚಾರ್ಟಿನಲ್ಲೂ ಇದೇ ತಪ್ಪು ಇತ್ತು. ಆದರೆ ಆ ಚಾರ್ಟನ್ನು ಯಾರೂ ನಂಬಿರಲಿಲ್ಲ. ಕ್ರಮ ಸರಿಯಾದ ಮೇಲೆ ಎಲ್ಲರೂ ನಂಬಿದರು. ನನಗೆ ಈ ಇಡೀ ಪ್ರಕರಣದಲ್ಲಿ ತುಂಬಾ ಗಂಭೀರ ಅನಿಸಿದ್ದು ಇದೇ. ಕೆಟ್ಟ ಕ್ರಮ ನಮ್ಮನ್ನು ಎಚ್ಚರಿಸುತ್ತಿತ್ತು. ಎಚ್ಚರಿಕೆಯನ್ನು ಮಾತ್ರ ತೆಗೆದು ತಪ್ಪನ್ನು ಹಾಗೇ ಉಳಿಸಿದ್ದಾಯಿತು.

ಮುಂದಿನ ಹೆಜ್ಜೆಯಾಗಿ, ತಿಂಗಳ ಹೆಸರನ್ನು ವರ್ಷ-ತಿಂಗಳ ಸಂಖ್ಯೆಯ ಪ್ರಕಾರ, ಅಂದರೆ 202301, 202302 ಎಂಬ ಕಾಲಮ್ ಪ್ರಕಾರ ಸಾರ್ಟ್ ಮಾಡಲು ಹೇಳಿದೆವು. ಪವರ್ ಬಿಐ ಒಪ್ಪಲಿಲ್ಲ. ಒಂದೇ ಹೆಸರಿಗೆ ಒಂದಕ್ಕಿಂತ ಹೆಚ್ಚು ಸಾರ್ಟ್ ಬೆಲೆ ಇರುವಂತಿಲ್ಲ ಎಂದು ತಪ್ಪು ತೋರಿಸಿತು. ಈ ಸಂದೇಶ ಕಂಡರೆ ಜನ ಬೈದುಕೊಳ್ಳುತ್ತಾರೆ. ನಿಜವಾಗಿ ಅದಕ್ಕಿಂತ ಉಪಕಾರದ ಸಂದೇಶ ಇಲ್ಲ. 'ಜನವರಿ'ಯನ್ನು 202301ರ ಜಾಗದಲ್ಲಿ ಇಡಲೋ 202401ರ ಜಾಗದಲ್ಲಿ ಇಡಲೋ ಎಂದು ಅದು ಕೇಳುತ್ತಿದೆ. ಆ ಪ್ರಶ್ನೆಗೆ ಉತ್ತರ ಲೇಬಲ್‌ನಲ್ಲೇ ಇರಬೇಕು. ಲೇಬಲ್ಲನ್ನು 'ಜನವರಿ 2023' ಎಂದು ಬದಲಿಸಿದ ಕೂಡಲೇ ಪ್ರತಿ ಹೆಸರಿಗೂ ಒಂದೇ ಸಂಖ್ಯೆ ಆಯಿತು, ತಕರಾರು ನಿಂತಿತು. 202312ರ ನಂತರ 202401 ತಾನಾಗಿಯೇ ಬರುತ್ತದೆ. ವರ್ಷವನ್ನು 100ರಿಂದ ಗುಣಿಸಿ ತಿಂಗಳ ಸಂಖ್ಯೆ ಕೂಡಿಸಿದರೆ ಸಿಗುವ ಈ ಸಂಖ್ಯೆ ಎಲ್ಲಾ ಕಡೆ ಕೆಲಸಕ್ಕೆ ಬರುತ್ತದೆ.

ಡಿಸೆಂಬರ್ 2024 ಎಲ್ಲಿಂದ ಬಂತು?

ವರ್ಷ ಸೇರಿಸಿದ ಮೇಲೆ 18 ಬಿಂದು ಬರಬೇಕಿತ್ತು. ಬಂದದ್ದು 24. ಗೆರೆ ಜೂನ್ 2024ಕ್ಕೆ ನಿಲ್ಲದೆ ಜುಲೈ, ಆಗಸ್ಟ್ ದಾಟಿ ಡಿಸೆಂಬರ್ 2024ರವರೆಗೆ ಹೋಗಿತ್ತು. ನಾವು ಚಾರ್ಟ್ ನೋಡುತ್ತಿದ್ದದ್ದು ಜುಲೈ 2024ರ ಮೊದಲ ವಾರ. ಇನ್ನೂ ಬಾರದ ತಿಂಗಳುಗಳಲ್ಲಿ ದೂರು ದಾಖಲಾಗಿದ್ದವು!

ಆ ಮುಂದಿನ ತಿಂಗಳುಗಳ ಸಾಲುಗಳನ್ನಷ್ಟೇ ಹೆಕ್ಕಿ ನೋಡಿದೆ. ಎಲ್ಲವೂ ಎರಡನೇ ಶಾಖೆಯವು. ಇನ್ನೊಂದು ವಿಚಿತ್ರ ಇತ್ತು. ಯಾವ ತಿಂಗಳು ನೋಡಿದರೂ ದಿನ 1ರಿಂದ 6ರ ಒಳಗೇ ಇತ್ತು. 4 ಡಿಸೆಂಬರ್, 2 ಅಕ್ಟೋಬರ್, 6 ಸೆಪ್ಟೆಂಬರ್, ಹೀಗೆ. 7ನೇ ತಾರೀಖು ಒಂದೂ ಇಲ್ಲ. ಒಂದರಿಂದ ಆರು ಅಂದರೆ ಜನವರಿಯಿಂದ ಜೂನ್, ಅಲ್ವಾ? ಅಲ್ಲಿಗೆ ವಿಷಯ ಬಿಡಿಸಿಕೊಂಡಿತು. ಎರಡನೇ ಶಾಖೆಯ ತಂತ್ರಾಂಶ ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಬರೆಯುತ್ತದೆ. ಓದುವ ಕಂಪ್ಯೂಟರಿನ ಸೆಟ್ಟಿಂಗ್ ದಿನವೇ ಮೊದಲು ಎಂದು ನಂಬುತ್ತದೆ. 12 ಏಪ್ರಿಲ್ 2024ನ್ನು ಆ ಶಾಖೆ 04/12/2024 ಎಂದು ಬರೆಯಿತು, ಪವರ್ ಬಿಐ ಅದನ್ನು 4 ಡಿಸೆಂಬರ್ ಎಂದು ಓದಿತು. ಯಾವ ತಕರಾರೂ ಇಲ್ಲದೆ.

ದಿನ 12 ದಾಟಿದಾಗ ಏನಾಗುತ್ತದೆ? 04/25/2024 ಎಂದರೆ 25ನೇ ತಿಂಗಳು ಎಂಬುದಿಲ್ಲ. ಅಂಥ ಸಾಲು ತಾರೀಖಾಗಿ ಬದಲಾಗದೆ ಎರರ್ ಆಗುತ್ತದೆ. ಎರರ್ ಆದ ಬೆಲೆಗಳು ಮಾಡೆಲ್‌ಗೆ (ಚಾರ್ಟ್ ಓದುವ ಟೇಬಲ್‌ಗಳಿಗೆ) ಖಾಲಿಯಾಗಿ ಬಂದು ಬೀಳುತ್ತವೆ. ಚಾರ್ಟಿನಲ್ಲಿ 'ಬ್ಲ್ಯಾಂಕ್' ಎಂಬ ಬಿಂದು ಒಂದು ಮೊದಲೇ ಇತ್ತಂತೆ. ಅದು ಕಸ ಎಂದುಕೊಂಡು ಯಾರೋ ಫಿಲ್ಟರ್ ಹಾಕಿ ತೆಗೆದಿದ್ದರು. ಆ 'ಕಸ'ದಲ್ಲಿ ಎರಡನೇ ಶಾಖೆಯ ಪ್ರತಿ ತಿಂಗಳ 12ರ ನಂತರದ ದೂರುಗಳೆಲ್ಲ ಇದ್ದವು.

ಲೆಕ್ಕ ಹಾಕಿ ನೋಡಿ. 365 ದಿನಗಳ ವರ್ಷದಲ್ಲಿ ದಿನವೂ ತಿಂಗಳೂ 12ರ ಒಳಗಿರುವ ತಾರೀಖುಗಳು 144. ಅದರಲ್ಲಿ 04/04 ಥರ ಎರಡೂ ಒಂದೇ ಆಗಿರುವ 12 ತಾರೀಖುಗಳಿಗೆ ಏನೂ ಆಗುವುದಿಲ್ಲ. 132 ತಾರೀಖುಗಳು ಸದ್ದಿಲ್ಲದೆ ಬೇರೆ ದಿನಕ್ಕೆ ಹಾರುತ್ತವೆ. ಉಳಿದ 221 ಎರರ್ ಆಗುತ್ತವೆ. ಎರರ್ ಆದವು ಕಣ್ಣಿಗೆ ಬೀಳುತ್ತವೆ, ಹಾರಿದವು ಬೀಳುವುದಿಲ್ಲ. ತಿಂಗಳ ಹೆಸರು ಮಾತ್ರ ಇದ್ದ ಅಕ್ಷದಲ್ಲಿ ಈ 132 ಯಾವತ್ತೂ ಸಿಕ್ಕಿಬೀಳುತ್ತಿರಲಿಲ್ಲ. 'ಡಿಸೆಂಬರ್' ಎಂಬುದು ಅಲ್ಲಿ ಹೇಗೂ ಇದ್ದೇ ಇತ್ತಲ್ಲ.

ರಿಪೇರಿ ಪವರ್ ಕ್ವೆರಿಯಲ್ಲಿ, ಅಂದರೆ ಪವರ್ ಬಿಐ ಡೇಟಾವನ್ನು ತಂದು ಸಿದ್ಧಮಾಡುವ ಭಾಗದಲ್ಲಿ, ಆಯಿತು. ಮೊದಲು ಎರಡು ಫೈಲುಗಳನ್ನು ಸೇರಿಸಿ, ಆಮೇಲೆ ಒಟ್ಟಿಗೆ ಟೈಪ್ ಬದಲಿಸುತ್ತಿದ್ದರು, ಅಂದರೆ ಟೆಕ್ಸ್ಟನ್ನು ತಾರೀಖು ಮಾಡುತ್ತಿದ್ದರು. ಅದನ್ನು ತಿರುವು ಮುರುವು ಮಾಡಿದೆವು. ಪ್ರತಿ ಫೈಲಿಗೂ ಬೇರೆ ಬೇರೆಯಾಗಿ 'ಯೂಸಿಂಗ್ ಲೊಕೇಲ್' ಆಯ್ಕೆಯಿಂದ ಟೈಪ್ ಬದಲಿಸಿ, ಎರಡನೇ ಶಾಖೆಗೆ ಅಮೆರಿಕದ ಇಂಗ್ಲಿಷ್ ಲೊಕೇಲ್ (ತಿಂಗಳು ಮೊದಲು ಬರೆಯುವ ಆ ದೇಶದ ರೂಢಿ) ಕೊಟ್ಟು, ನಂತರ ಸೇರಿಸುವುದು. ಖಾಲಿ ಬಿಂದುವಿನ ಫಿಲ್ಟರ್ ತೆಗೆದುಹಾಕಿದೆವು. ಖಾಲಿ ಮತ್ತೆ ಬಂದರೆ ಅದು ಎಲ್ಲರಿಗೂ ಕಾಣಲೇಬೇಕು.

ಕೈಯಿಂದ ಟೈಪ್ ಮಾಡಿದ ಒಂದಿಷ್ಟು ಸಾಲುಗಳು ಉಳಿದವು. ಅವುಗಳಲ್ಲಿ ಬರೆದವರು ಯಾವ ಕ್ರಮ ಬಳಸಿದ್ದಾರೆ ಎಂದು ಹೇಳುವುದು ಕಷ್ಟ. ಅಲ್ಲಿ ಸಹಾಯಕ್ಕೆ ಬಂದದ್ದು ದೂರಿನ ಕ್ರಮಸಂಖ್ಯೆ. ಸಂಖ್ಯೆ ಸಾಲಾಗಿ ಏರುತ್ತದೆ. ಹಾಗಾಗಿ ಒಂದು ದೂರಿನ ತಾರೀಖು ಅದರ ಹಿಂದಿನ ಮತ್ತು ಮುಂದಿನ ದೂರುಗಳ ನಡುವೆಯೇ ಇರಬೇಕು. 03/05 ಎಂಬುದು 3 ಮೇ ಆಗಬಹುದು, 5 ಮಾರ್ಚ್ ಆಗಬಹುದು. ಅಕ್ಕಪಕ್ಕದವು ಮಾರ್ಚ್ ಮೊದಲ ವಾರದವಾದರೆ ಉತ್ತರ ಸಿಕ್ಕಿತು. ತಾರೀಖಿನ ಮೇಲೆ ಅನುಮಾನ ಬಂದಾಗ ಇಂಥ ಇನ್ನೊಂದು ಏರುವ ಕಾಲಮ್ ಇದೆಯಾ ಎಂದು ಹುಡುಕಿ. ನಂಬಿಕಸ್ತ ಸಾಕ್ಷಿ ಅದು.

ಎರಡನೇ ಶಾಖೆ ಈಗ ತಾರೀಖನ್ನು 2024-04-12 ಎಂದು ಬರೆಯುತ್ತದೆ. ವರ್ಷ, ತಿಂಗಳು, ದಿನ. ಐಎಸ್ಒ 8601 ಎಂಬ ಮಾನದಂಡ ಹೇಳುವ ರೂಪ ಇದು. ಇದರಲ್ಲಿ ಗೊಂದಲಕ್ಕೆ ಜಾಗವಿಲ್ಲ. ಇನ್ನೊಂದು ಗುಣವೂ ಇದೆ. ಟೆಕ್ಸ್ಟ್ ಆಗಿಯೇ ಉಳಿದುಬಿಟ್ಟರೂ ಅಕ್ಷರ ಕ್ರಮ ಮತ್ತು ಕಾಲದ ಕ್ರಮ ಎರಡೂ ಒಂದೇ ಆಗುತ್ತವೆ.

ಕ್ಯಾಲೆಂಡರ್ ಟೇಬಲ್

ದೂರಿನ ಟೇಬಲ್‌ನಿಂದಲೇ ತಿಂಗಳು ತೆಗೆಯುವುದನ್ನು ನಿಲ್ಲಿಸಿ, 1 ಜನವರಿ 2023ರಿಂದ 31 ಡಿಸೆಂಬರ್ 2024ರವರೆಗೆ ದಿನಕ್ಕೊಂದು ಸಾಲಿನ ಕ್ಯಾಲೆಂಡರ್ ಟೇಬಲ್ ಮಾಡಿದೆವು. 2024 ಅಧಿಕ ವರ್ಷ, ಹಾಗಾಗಿ 731 ಸಾಲು. ತಾರೀಖು, ವರ್ಷ, ತಿಂಗಳ ಸಂಖ್ಯೆ, ತಿಂಗಳ ಹೆಸರು, ತಿಂಗಳು-ವರ್ಷದ ಲೇಬಲ್, ವರ್ಷ-ತಿಂಗಳ ಸಂಖ್ಯೆ. ಅದನ್ನು ಡೇಟ್ ಟೇಬಲ್ ಎಂದು ಗುರುತು ಮಾಡಿ ದೂರಿನ ಟೇಬಲ್‌ಗೆ ಜೋಡಿಸಿದೆವು. ಹೆಸರಿನ ಕಾಲಮ್ ಸಂಖ್ಯೆಯ ಪ್ರಕಾರ, ಲೇಬಲ್ ಕಾಲಮ್ ವರ್ಷ-ತಿಂಗಳ ಸಂಖ್ಯೆಯ ಪ್ರಕಾರ ಸಾರ್ಟ್. ಒಮ್ಮೆ ಮಾಡಿದರೆ ವರದಿಯ ಎಲ್ಲಾ ಚಾರ್ಟಿಗೂ ಅದೇ ಕ್ರಮ.

ಹಣಕಾಸು ವರ್ಷದ ಪ್ರಕಾರ ಬೇಕಾದರೂ ಇಲ್ಲೇ ಇನ್ನೊಂದು ಕಾಲಮ್ ಸಾಕು. ಏಪ್ರಿಲ್‌ನಿಂದ ಶುರುವಾಗುವ ವರ್ಷವಾದರೆ, ತಿಂಗಳ ಸಂಖ್ಯೆಗೆ 8 ಕೂಡಿಸಿ, 12ರಿಂದ ಭಾಗಿಸಿ, ಉಳಿಯುವ ಶೇಷಕ್ಕೆ 1 ಸೇರಿಸಿ. ಏಪ್ರಿಲ್‌ಗೆ 1 ಬರುತ್ತದೆ, ಮಾರ್ಚ್‌ಗೆ 12.

ಕ್ಯಾಲೆಂಡರ್ ಟೇಬಲ್‌ನಿಂದ ಇನ್ನೊಂದು ಲಾಭವಿದೆ. ಒಂದು ತಿಂಗಳು ಒಂದೂ ದೂರು ಬರದಿದ್ದರೆ ದೂರಿನ ಟೇಬಲ್‌ನಲ್ಲಿ ಆ ತಿಂಗಳೇ ಇರುವುದಿಲ್ಲ. ಆಗ ಗೆರೆ ಮೇ ತಿಂಗಳಿನಿಂದ ಸೀದಾ ಜುಲೈಗೆ ಹಾರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಕ್ಯಾಲೆಂಡರ್ ಇದ್ದರೆ ಡೇಟಾ ಇಲ್ಲದ ತಿಂಗಳನ್ನೂ ತೋರಿಸು ಎಂದು ಹೇಳಬಹುದು. ಆ ಖಾಲಿ ಜಾಗ 'ಸೊನ್ನೆ ದೂರು' ಎಂದೋ 'ಯಾರೂ ಬರೆದಿಡಲಿಲ್ಲ' ಎಂದೋ ಕೇಳುವ ಹೊಣೆ ನಮ್ಮದು.

ಒಂದು ಹಳ್ಳ ಮಾತ್ರ ಇಲ್ಲಿ ಕಾದಿತ್ತು. ಒಟ್ಟು ದೂರುಗಳಲ್ಲಿ ಈ ತಿಂಗಳ ಪಾಲು ಎಷ್ಟು ಎಂಬ ಶೇಕಡಾ ಚಾರ್ಟ್ ಒಂದು ಇತ್ತು. ಸಾರ್ಟ್ ಕಾಲಮ್ ಕೊಟ್ಟ ಮೇಲೆ ಅದರಲ್ಲಿ ಎಲ್ಲಾ ತಿಂಗಳೂ 100 ಶೇಕಡಾ ಆಗಿಬಿಟ್ಟವು. ಕಾರಣ ಇಷ್ಟೇ. ಸೂತ್ರದಲ್ಲಿ ಫಿಲ್ಟರ್ ತೆಗೆಯುವ 'ಆಲ್' (ALL) ಎಂಬ ಫಂಕ್ಷನ್ ಬಳಸಿ ಲೇಬಲ್‌ನ ಫಿಲ್ಟರ್ ತೆಗೆದಿದ್ದರು. ಆದರೆ ಸಾರ್ಟ್ ಕಾಲಮ್ ಕೂಡ ಚಾರ್ಟಿನ ಹಿಂದೆ ಸೇರಿಕೊಂಡಿರುತ್ತದೆ, ಅದರ ಫಿಲ್ಟರ್ ಹಾಗೇ ಉಳಿದಿತ್ತು. 'ಆಲ್' ಒಳಗೆ ಎರಡೂ ಕಾಲಮ್‌ಗಳನ್ನು ಕೊಟ್ಟರೆ ಸರಿಯಾಗುತ್ತದೆ.

ಪವರ್ ಬಿಐ ಇಲ್ಲದವರಿಗೆ

ಎಕ್ಸೆಲ್‌ನಲ್ಲಿ ಮೊದಲು ಸೆಲ್ಲಿನೊಳಗೆ ಏನಿದೆ ನೋಡಿ. ನಿಜವಾದ ತಾರೀಖು ಅಲ್ಲಿ ಸಂಖ್ಯೆ. 1 ಜನವರಿ 1900ಕ್ಕೆ 1 ಎಂದು ಎಣಿಕೆ ಶುರು. 1 ಜನವರಿ 2024 ಅಂದರೆ 45292. ಸೆಲ್ಲಿನ ಫಾರ್ಮ್ಯಾಟನ್ನು 'ಜನರಲ್' ಮಾಡಿದಾಗ ಇಂಥ ಸಂಖ್ಯೆ ಕಂಡರೆ ಅದು ತಾರೀಖು. ಏನೂ ಬದಲಾಗದೆ ಎಡಕ್ಕೆ ಅಂಟಿಕೊಂಡೇ ಇದ್ದರೆ ಟೆಕ್ಸ್ಟ್. ನಿಜವಾದ ತಾರೀಖಿದ್ದು ಅಕ್ಷದ ಟೈಪ್ 'ಡೇಟ್ ಆಕ್ಸಿಸ್' ಆಗಿದ್ದರೆ, ಶೀಟಿನಲ್ಲಿ ಸಾಲುಗಳು ಹಿಂದೆ ಮುಂದೆ ಇದ್ದರೂ ಚಾರ್ಟ್ ಕಾಲದ ಕ್ರಮದಲ್ಲೇ ಬರುತ್ತದೆ. ಪಿವಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಮೊತ್ತ ತೋರಿಸುವ ಟೇಬಲ್) ಇಂಗ್ಲಿಷ್ ತಿಂಗಳ ಹೆಸರುಗಳನ್ನು ಕಸ್ಟಮ್ ಲಿಸ್ಟ್ ಎಂಬ ಸಿದ್ಧ ಪಟ್ಟಿ ನೋಡಿ ಜೋಡಿಸುತ್ತದೆ. ಆದರೆ ಲಿಸ್ಟಿನಲ್ಲಿ ಸೆಪ್ಟೆಂಬರ್‌ನ ಕಿರುರೂಪವಾಗಿ ಮೂರು ಇಂಗ್ಲಿಷ್ ಅಕ್ಷರದ 'ಸೆಪ್' (Sep) ಇದೆ. ಡೇಟಾದಲ್ಲಿ ನಾಲ್ಕಕ್ಷರದ 'ಸೆಪ್ಟ್' (Sept) ಇದ್ದರೆ ಅದು ಡಿಸೆಂಬರ್ ಆದಮೇಲೆ ಹೋಗಿ ಕೂರುತ್ತದೆ. ಹನ್ನೊಂದು ತಿಂಗಳು ಸರಿ, ಸೆಪ್ಟೆಂಬರ್ ಒಂದೇ ಕೊನೆಯಲ್ಲಿದೆ ಎಂದರೆ ಮೊದಲು ಇದನ್ನೇ ನೋಡಿ.

ಪೈಥಾನ್ ಭಾಷೆಯ ಡೇಟಾ ಲೈಬ್ರರಿ ಪಾಂಡಾಸ್‌ನಲ್ಲಿ ಗುಂಪು ಮಾಡುವ ಗ್ರೂಪ್‌ಬೈ ಹೆಸರುಗಳನ್ನು ಅಕ್ಷರ ಕ್ರಮದಲ್ಲೇ ಕೊಡುತ್ತದೆ. ತಿಂಗಳನ್ನು ಆರ್ಡರ್ಡ್ ಕೆಟಗೋರಿಕಲ್ (ನಾವು ಹೇಳಿದ ಕ್ರಮ ಇರುವ ಪಟ್ಟಿ) ಮಾಡಿ, ಇಲ್ಲವೇ ತಾರೀಖಿನ ಮೇಲೇ ಗ್ರೂಪ್ ಮಾಡಿ. ಎರಡನೆಯದೇ ನನಗೆ ಇಷ್ಟ. ಆರ್ ಭಾಷೆಯಲ್ಲಿ ಇದೇ ಥರದ ಫ್ಯಾಕ್ಟರ್‌ಗೆ ಲೆವೆಲ್ಸ್, ಅಂದರೆ ಕ್ರಮ, ಕೊಡಬೇಕು, ತಿಂಗಳ ಹೆಸರುಗಳ ಪಟ್ಟಿ ಅದರಲ್ಲಿ ಸಿದ್ಧವಾಗಿಯೇ ಇದೆ. ಡೇಟಾಬೇಸ್‌ಗಳ ಭಾಷೆ ಎಸ್‌ಕ್ಯೂಎಲ್‌ನಲ್ಲಿ ಹೆಸರನ್ನು ತೋರಿಸಿ, ಸಂಖ್ಯೆಯ ಮೇಲೆ ಆರ್ಡರ್ ಮಾಡಿ. ಒರಾಕಲ್ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗಳಲ್ಲಿ ತಾರೀಖನ್ನು ಟೆಕ್ಸ್ಟ್ ಮಾಡುವ ಟು-ಚಾರ್ ಫಂಕ್ಷನ್ ಕೊಡುವ ಇಂಗ್ಲಿಷ್ ತಿಂಗಳ ಹೆಸರು ಒಂಬತ್ತು ಅಕ್ಷರ ತುಂಬುವಷ್ಟು ಖಾಲಿ ಜಾಗವನ್ನು ಬೆನ್ನಿಗೆ ಕಟ್ಟಿಕೊಂಡಿರುತ್ತದೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು 'ಮೇ' ಹೊಂದಾಣಿಕೆ ಆಗದೆ ಒದ್ದಾಡಿಸಬಹುದು.

ಸರಿಯಾದ ಚಾರ್ಟ್

ಎಲ್ಲ ಮುಗಿದ ಮೇಲೆ ಅಕ್ಷದಲ್ಲಿ 18 ಬಿಂದು, ಜನವರಿ 2023ರಿಂದ ಜೂನ್ 2024. ವರದಿ ಕಳಿಸುವ ಮೊದಲು ಪ್ರತಿ ತಿಂಗಳ ಮೊತ್ತವನ್ನು ಎರಡೂ ಶಾಖೆಗಳ ಮೂಲ ಫೈಲಿನ ಸಾಲುಗಳ ಲೆಕ್ಕದ ಜೊತೆ ತಾಳೆ ನೋಡಿದೆವು. ಒಟ್ಟು ಮೊತ್ತ ಕೂಡಿದರೆ ಸಾಲದು. ತಾರೀಖು ಹಾರಿದಾಗ ಒಟ್ಟು ಬದಲಾಗುವುದಿಲ್ಲ, ತಿಂಗಳ ಪಾಲು ಮಾತ್ರ ಬದಲಾಗುತ್ತದೆ.

ಮೊದಲರ್ಧದ ಏರಿಕೆ ಎಂಬುದು ಇರಲೇ ಇಲ್ಲ. ದೂರುಗಳು 2023ರ ಉದ್ದಕ್ಕೂ ನಿಧಾನವಾಗಿ ಏರಿ, ವರ್ಷದ ಕೊನೆಯಲ್ಲಿ ಒಂದು ಮಟ್ಟಕ್ಕೆ ಬಂದು, 2024ರಲ್ಲಿ ಅಲ್ಲೇ ನಿಂತಿದ್ದವು. ಪ್ರತಿ ವರ್ಷ ಮೊದಲ ಆರು ತಿಂಗಳಿಗೆ ಹೆಚ್ಚಿನ ಸಿಬ್ಬಂದಿ ಎಂಬ ಯೋಜನೆಯನ್ನು ಕೈಬಿಟ್ಟರು. ಹಳೆಯ ಚಾರ್ಟ್ ಹೋದವರಿಗೆಲ್ಲ ಹೊಸದನ್ನು ಕಳಿಸಿ, ಏನು ಬದಲಾಗಿದೆ ಎಂದು ಎರಡು ಸಾಲು ಬರೆಯಲು ನಾನು ಒತ್ತಾಯ ಮಾಡಿದೆ, ಅವರೂ ಒಪ್ಪಿದರು. 2023ರಲ್ಲಿ ಏರಿಕೆ ಶುರುವಾದ ತಿಂಗಳಿನಿಂದ ಹಿಡಿದು, ಯಾವ ಬಗೆಯ ದೂರು ಹೆಚ್ಚಿತು ಎಂದು ಎರಡೂ ಶಾಖೆಯವರು ಈಗ ಒಟ್ಟಿಗೆ ಕೂತು ನೋಡುತ್ತಿದ್ದಾರೆ.